ಬಿಲ್ಲೆ

ವರುಷಕ್ಕೆ ಇಪ್ಪತ್ತಾರು ಪಕ್ಷ.
ನಮ್ಮ ಕೈಗೆಟುಕುವುದು ಆರು.
ಮಿಕ್ಕ ಇಪ್ಪತ್ತೂ ಎನೆರೆಲಳ ಬೆರಳ ತುದಿಗಳ ಪಾಲು.

ಕೋಟಿನ ಗುಂಡಿಯಷ್ಟು ಸಣ್ಣದೊಂದು ಬಿಲ್ಲೆ,
ತೋಳ ಹಿಂಬದಿಗೆ ಅಂಟಿ ಕೂತು
ಐದೈದು ನಿಮಿಷಕ್ಕೊಮ್ಮೆ ಮೈಯ ಸಿಹಿಯನ್ನು
ಫೋನಿಗೆ ಚಾಡಿ ಹೇಳುತ್ತದೆ.
ಹದಿನಾಲ್ಕನೆಯ ದಿನ, ಹಚ್ಚಿದ ಅದೇ ಗಳಿಗೆಗೆ
ಮಾತು ನಿಲ್ಲಿಸುತ್ತದೆ.
ಒಂದು ನಿಮಿಷವೂ ಕಡ ಕೊಡುವುದಿಲ್ಲ.

ಗುಂಡಿ ಹೊಲಿಯುವುದೇ ನನ್ನ ಕಸುಬು.
ಉಲಾನ್‌ಬಾತರಿನ ಗುಡ್ಡದ ಮೇಲೆ, ಕಲ್ಲಿದ್ದಲ ಹೊಗೆಯೊಳಗೆ,
ಉಣ್ಣೆಯ ಹೊದಿಕೆ ಹೊದ್ದ ನಮ್ಮ ದುಂಡು ಮನೆ.
ಇನ್ಸುಲಿನ್ ಆಸ್ಪತ್ರೆಯಲ್ಲಿ ಸಿಗುತ್ತದೆ;
ಹೆಪ್ಪುಗಟ್ಟದಿರಲೆಂದು ಚಳಿಗಾಲವಿಡೀ
ಕುಪ್ಪಸದೊಳಗಿಟ್ಟು ಕಾವು ಕೊಡುತ್ತೇನೆ, ಮೊಟ್ಟೆಗೆ ಕೊಟ್ಟಂತೆ.
ಬಿಲ್ಲೆ ಮಾತ್ರ ಅಂಗಡಿಯದು.
ಒಂದು ನಿಲುವಂಗಿಗೆ ಐದು ಗುಂಡಿ,
ಒಂದು ಬಿಲ್ಲೆಗೆ ಹನ್ನೊಂದು ನಿಲುವಂಗಿ.

ಅತ್ತೆ ದುಲ್ಮಾಳದು ಬೇರೆಯೇ ಲೆಕ್ಕ.
ಹುಲ್ಲುಗಾವಲಿನಿಂದ ಫೋನಿನಲ್ಲಿ ಕೂಗುತ್ತಾಳೆ:
"ಒಂದು ಕುರಿಯೇನೇ? ಆಗಲಿ ಬಿಡು,
ಕಡಿದು ತಿಂದರೂ ಅದು ಹದಿನಾಲ್ಕೇ ದಿನ."
ನಗುತ್ತಾಳೆ. ಮಾರನೆಯ ದಿನ ದುಡ್ಡು ಬಂದಿರುತ್ತದೆ.
ಮೈದುನನ ಹಿಂಡಿನಲ್ಲಿ ಇನ್ನೆಷ್ಟು ಕುರಿ ಅವಳವು,
ನಾನು ಕೇಳಿಲ್ಲ.

ಯಾವ ಆರು?
ಶರತ್ಕಾಲ ಬಂದರೆ ಚೊಯ್ಜಿಲ್ ಗೋಡೆಯ ಕ್ಯಾಲೆಂಡರು ಇಳಿಸಿ
ನೆಲಕ್ಕೆ ಹಾಸುತ್ತಾನೆ. ಇಬ್ಬರೂ ಬಗ್ಗಿ ಕೂರುತ್ತೇವೆ,
ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ.
ಶಿಶುವಿಹಾರ ತೆರೆಯುವಾಗ ಒಂದು,
ಅಲ್ಲಿನ ಟೀಚರಿಗೆ ಸೂಜಿ ಕಂಡರೆ ನಡುಕ.
ಅವನಿಗೆ ಲಾರಿಯ ರಾತ್ರಿಪಾಳಿ ಬಿದ್ದಾಗ ಒಂದು.
ಜನವರಿಗೆ ಎರಡು, ಅದು ಕೆಮ್ಮಿನ, ಜ್ವರದ ತಿಂಗಳು.
ಬಿಳಿ ತಿಂಗಳ ಹಬ್ಬವನ್ನಂತೂ ಬಿಡುವಂತಿಲ್ಲ:
ಮನೆಮನೆಯಲ್ಲೂ ಮಾಂಸದ ಕಡುಬು ಹಬೆಯಾಡುತ್ತಿರುತ್ತದೆ,
ತಿನ್ನದೆ ಎದ್ದರೆ ಮನೆಯೊಡತಿಗೆ ಬೇಜಾರು,
ತಿಂದರೆ ಪ್ರತಿ ಕಡುಬಿನ ಹಿಟ್ಟಿಗೂ ಲೆಕ್ಕ.

ಆರನೆಯದಕ್ಕೆ ದಿನ ಗೊತ್ತು ಮಾಡುವುದಿಲ್ಲ.
ಪೆಟ್ಟಿಗೆಯಲ್ಲಿರುತ್ತದೆ. ಭಯಕ್ಕೆಂದು ಎತ್ತಿಟ್ಟದ್ದು.

ಈ ಮಾರ್ಚಿನಲ್ಲಿ ನಾನದನ್ನು ಒಡೆದೆ.
ಜ್ವರವಿರಲಿಲ್ಲ. ಹಬ್ಬ ಮುಗಿದಿತ್ತು.
ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು
ಟಾರ್ಚು ಬಾಯಲ್ಲಿ ಕಚ್ಚಿ ಬೆರಳು ಚುಚ್ಚಿ
ಒಂಬತ್ತನೆಯ ಹಗಲು ಯಂತ್ರದ ಮುಂದೆ ತೂಕಡಿಸಿದೆ;
ಸೂಜಿ ನನ್ನ ಹೆಬ್ಬೆರಳನ್ನೇ ಯಾರದೋ ಕಾಲರಿಗೆ ಹೊಲಿಯಿತು.
ಅಂದು ಸಂಜೆ ಪೆಟ್ಟಿಗೆ ತೆಗೆದೆ.
ನಿದ್ದೆಗೆ. ನನ್ನ ನಿದ್ದೆಗೆ
ಒಂದು ಇಡೀ ಕುರಿ.

ಚೊಯ್ಜಿಲ್ ಖಾಲಿ ಡಬ್ಬಿಯನ್ನು ನೋಡಿದ,
ನನ್ನ ಬೆರಳ ಬಟ್ಟೆಯನ್ನು ನೋಡಿದ,
ಒಲೆಗೆ ಇದ್ದಲು ಹಾಕಲು ಎದ್ದುಹೋದ.

ಬೆಳಿಗ್ಗೆ ಮಗು ಕೇಳಿತು:
"ಅಮ್ಮಾ, ರಾತ್ರಿ ನೀನು ಬರಲೇ ಇಲ್ಲ, ಎಲ್ಲಿಗೆ ಹೋಗಿದ್ದೆ?"

ಸತ್ತ ಬಿಲ್ಲೆಗಳನ್ನು ಅವಳು ಎಸೆಯಗೊಡಿಸುವುದಿಲ್ಲ.
ಗೊಂಬೆಯ ಅಂಗಿಗೆ ಹೊಲಿ ಎನ್ನುತ್ತಾಳೆ.
ಐದು ಹೊಲಿದಿದ್ದೆ, ಅಲ್ಲಿಗೆ ಅಂಗಿ ತುಂಬಿತ್ತು.
ಆರನೆಯದನ್ನು ಎಲ್ಲಿಡಲಿ?

ಅದು ಮಾತು ನಿಲ್ಲಿಸಿದ ರಾತ್ರಿ
ಮತ್ತೆ ಎರಡಕ್ಕೆ ಎದ್ದೆ, ಟಾರ್ಚು ಕಚ್ಚಿದೆ.
ಕಣ್ಣು ತೆರೆಯದೆಯೇ ಎನೆರೆಲ್
ಕಂಬಳಿಯೊಳಗಿಂದ ಉಂಗುರ ಬೆರಳು ಚಾಚಿದಳು.
ಹಿಡಿದೆ.
ಹದಿನಾಲ್ಕು ದಿನಕ್ಕೆ ಅದರ ತುದಿ
ಮೆತ್ತಗಾಗಿಬಿಟ್ಟಿತ್ತು.